ಕಾಡು ಮನೆ ನುಂಗುವ ಬಗೆ

ಮಲೆನಾಡಿನ ಕಾಡಿನಲ್ಲಿ ಕಾಲುದಾರಿ ಬಿಟ್ಟು ನಡೆದವರಿಗೆ ಒಮ್ಮೊಮ್ಮೆ ಗೋಡೆ ಎದುರಾಗುತ್ತದೆ. ಮೊಣಕಾಲೆತ್ತರದ ಜಗಲಿ, ಬಾಗಿಲಿಲ್ಲದ ಹೊಸ್ತಿಲು, ಕಿಟಕಿಯಿಂದ ಹೊರಗೆ ಚಾಚಿದ ಮರ. ಊರಿಗೆ ಬಂದು ವಿಚಾರಿಸಿದರೆ ಸಿಗುವುದು ಎರಡೇ ಉತ್ತರ: ಅಲ್ಲಿ ದೆವ್ವ ಇದೆ, ಇಲ್ಲವೇ ನಿಧಿ ಇದೆ. ಎರಡೂ ಇವೆ ಎನ್ನುವವರೂ ಉಂಟು. ನಿಧಿ ಕಾಯಲು ಯಾರಾದರೂ ಬೇಕಲ್ಲ!

ಕಾಡಿನೊಳಗೆ ಕಟ್ಟಡ ಯಾಕಿದೆ ಎಂಬುದರಲ್ಲಿ ನಿಗೂಢವೇನಿಲ್ಲ. ಕಟ್ಟಿದ ಕಾಲಕ್ಕೆ ಅದು ಕಾಡಾಗಿರಲಿಲ್ಲ, ಅಷ್ಟೆ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಆ ಅರಸರನ್ನು ನಂಬಿಕೊಂಡಿದ್ದ ಪೇಟೆ-ಕೋಟೆಗಳು ಸೊರಗಿದವು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಇವತ್ತು ಅರಮನೆಯ ತಳಪಾಯವಿದೆ, ಸುತ್ತ ಕಾಡಿದೆ. ಮಲೇರಿಯಾ ಎಷ್ಟೋ ಹಳ್ಳಿಗಳನ್ನು ಬರಿದು ಮಾಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಶರಾವತಿ ಕಣಿವೆಯ ಊರುಗಳು ಖಾಲಿಯಾದವು. ಜನ ಹೋದ ಮೇಲೆ ಕಾಡು ಬಂತು.

ಮೊದಲು ಹೋಗುವುದು ಸೂರು. ಮಂಗ ಹಾರಿಯೋ ಕೊಂಬೆ ಬಿದ್ದೋ ಒಂದು ಹಂಚು ಜಾರುತ್ತದೆ. ಜನರಿದ್ದ ಮನೆಯಲ್ಲಾದರೆ ಮಳೆಗಾಲಕ್ಕೆ ಮುಂಚೆ ಯಾರೋ ಮಾಡು ಹತ್ತಿ ಒಡೆದದ್ದನ್ನು ಬದಲಿಸುತ್ತಿದ್ದರು. ಒಲೆಯ ಹೊಗೆ ಮಾಡಿನ ಇಳಿಜಾರು ಮರಗಳಾದ ಪಕಾಸುಗಳನ್ನು ಒಣಗಿಸಿ, ಹುಳ ಹತ್ತದಂತೆ ಇಡುತ್ತಿತ್ತು. ಈಗ ಅದೂ ಇಲ್ಲ. ಮರದ ತೇವಾಂಶ ಶೇಕಡಾ 20ರ ಕೆಳಗಿದ್ದಷ್ಟು ದಿನ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. 30ರ ಹತ್ತಿರ ಹೋಯಿತೆಂದರೆ ಅವಕ್ಕೆ ಹಬ್ಬ. ಹಂಚು ಕೂರುವ ತೆಳು ಪಟ್ಟಿ, ಅಂದರೆ ರೀಪು, ಮೊದಲು ಕೊಳೆಯುತ್ತದೆ. ಆಮೇಲೆ ಪಕಾಸು, ಅದೂ ಗೋಡೆಯೊಳಗೆ ಹೂತ ತುದಿಯಿಂದ, ಏಕೆಂದರೆ ಮರ ನೀರು ಹೀರುವುದು ಮೈಗಿಂತ ಕತ್ತರಿಸಿದ ತುದಿಯಲ್ಲಿ ಹೆಚ್ಚು. ಸೂರು ಕುಸಿದ ಮೇಲೆ ಮಣ್ಣಿನ ಗೋಡೆ ಕೆಲವೇ ಮಳೆಗಾಲಗಳಲ್ಲಿ ಕರಗಿ ದಿಬ್ಬವಾಗುತ್ತದೆ. ನಿಲ್ಲುವುದು ಸುಣ್ಣದ ಗಾರೆ ಹಾಕಿ ಕಟ್ಟಿದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಅಥವಾ ಬೇರೆ ಕಲ್ಲಿನ ಗೋಡೆ.

ಅಸಲು ಆಟ ಶುರುವಾಗುವುದು ಆಗ. ಒಂದು ಪಿಕಳಾರವೋ ಕುಟ್ರಹಕ್ಕಿಯೋ ಬಾವಲಿಯೋ ಆಲ, ಅರಳಿ, ಬಸರಿ, ಗೋಣಿ ಇವುಗಳ ಪೈಕಿ ಯಾವುದಾದರೊಂದರ ಹಣ್ಣು ತಿಂದು ಗೋಡೆಯ ನೆತ್ತಿಯ ಮೇಲೆ ಹಿಕ್ಕೆ ಹಾಕುತ್ತದೆ. ಒಂದೊಂದು ಹಣ್ಣಿನಲ್ಲೂ ಸಾಸಿವೆಗಿಂತ ಚಿಕ್ಕ ಬೀಜ ನೂರಾರು. ಹಲಸಿನ ಬೀಜ ಅಲ್ಲಿ ಬಿದ್ದಿದ್ದರೆ ಮೊಳೆತು ಬೇಸಿಗೆಗೆ ಸತ್ತುಹೋಗುತ್ತಿತ್ತು. ಆಲದ ಜಾತಿಯವು ಹುಟ್ಟಿನಿಂದಲೇ ನೆಲ ಬೇಡದ ಮರಗಳು. ಕಾಡಿನಲ್ಲಿ ಬೇರೆ ಮರದ ಕವಲಿನಲ್ಲಿ ಮೊಳೆತು, ಹಿಡಿ ಕಸದ ಮೇಲೆ ವರ್ಷಗಟ್ಟಲೆ ಕುಳಿತಿರುವುದು ಅವಕ್ಕೆ ರೂಢಿ. ಎಳೆ ಸಸಿಯ ಬುಡ ಉಬ್ಬಿ ನೀರು ಕೂಡಿಟ್ಟುಕೊಳ್ಳುತ್ತದೆ, ಎಲೆ ದಪ್ಪಗಿದ್ದು ನೀರು ಬಿಟ್ಟುಕೊಡುವುದಿಲ್ಲ. ಗಾರೆಯ ಬಿರುಕು ಅದರ ಪಾಲಿಗೆ ಇನ್ನೊಂದು ಕವಲು. ದೇವಸ್ಥಾನದ ಗೋಪುರದ ಮೇಲೆ ಅರಳಿ ಹುಟ್ಟಿದ್ದಕ್ಕೆ ಶಕುನ ಕೇಳುವವರು ಹಕ್ಕಿಯನ್ನು ಕೇಳಿದ್ದರೆ ಸಾಕಿತ್ತು.

ಬೇರು ಕಲ್ಲನ್ನೇ ಸೀಳುತ್ತದೆ ಎಂದು ನಂಬಿದವರು ಬಹಳ. ಗಟ್ಟಿ ಕಲ್ಲನ್ನು ಅದು ಸೀಳುವುದಿಲ್ಲ, ಸೀಳುವ ಅಗತ್ಯವೂ ಇಲ್ಲ. ಕೂದಲೆಳೆಯಷ್ಟು ಬೇರಿನ ತುದಿ ಎರಡು ಕಲ್ಲಿನ ನಡುವಿನ ಗಾರೆಯ ಸಂದಿಗೆ ಇಳಿಯುತ್ತದೆ. ಸುಣ್ಣವೆಂದರೆ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಇಂಗಾಲದ ಡೈಆಕ್ಸೈಡ್ ಓಡಿಸಿ ಪಡೆದದ್ದು. ಗೋಡೆಗೆ ಹಾಕಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಬೇರು ಉಸಿರಾಡುವಾಗ ಬಿಡುವುದೂ ಇಂಗಾಲದ ಡೈಆಕ್ಸೈಡನ್ನೇ. ಸಂದಿನ ನೀರಿನಲ್ಲಿ ಅದು ಕರಗಿ ಸೌಮ್ಯ ಆಮ್ಲವಾಗುತ್ತದೆ, ಕಾರ್ಬೊನೇಟನ್ನು ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಮಾಡುತ್ತದೆ. ಕಮಾನಿನ ಅಡಿಯಲ್ಲಿ ಬೆಳ್ಳನೆಯ ಕಡ್ಡಿಗಳು ಇಳಿಬಿದ್ದಿದ್ದರೆ ಅವು ಹೀಗೆ ಕರಗಿ, ಹನಿದು, ಮತ್ತೆ ಗಟ್ಟಿಯಾದ ಗಾರೆ.

ದಾರಿ ಸಡಿಲಾದ ಮೇಲೆ ಬೇರು ದಪ್ಪವಾಗುತ್ತದೆ. ಜೀವಕೋಶಗಳು ನೀರು ತುಂಬಿಕೊಂಡು ಉಬ್ಬುವಾಗ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 5ರಿಂದ 10 ಕೆ.ಜಿ. ಒತ್ತಡ ಹಾಕಬಲ್ಲವು. ಲೆಕ್ಕ ಹಾಕಿ: ಒಂದು ಮೀಟರ್ ಉದ್ದಕ್ಕೆ, ಎರಡು ಸೆಂಟಿಮೀಟರ್ ಅಗಲಕ್ಕೆ ಕಲ್ಲಿಗೆ ತಾಗಿದ ಬೇರು ಎಂದರೆ 200 ಚದರ ಸೆಂಟಿಮೀಟರ್, ಅಂದರೆ ಒಂದರಿಂದ ಎರಡು ಟನ್ ನೂಕು. ಗಾರೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಪಕ್ಕಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಸೌದೆಗೆ ಬೆಣೆ ಹೊಡೆದಂತೆಯೇ ಇದು. ಬೆಣೆ ದಿನದಿನಕ್ಕೆ ತಾನೇ ದಪ್ಪವಾಗುತ್ತ ಹೋಗುತ್ತದೆ ಎಂಬುದೊಂದೇ ವ್ಯತ್ಯಾಸ.

ಇಷ್ಟಾದರೂ ಎಷ್ಟೋ ಸಲ ಗೋಡೆ ಬೀಳುವುದಿಲ್ಲ, ಅದೇ ಸೋಜಿಗ. ಹೊರಮೈಯಲ್ಲಿ ಇಳಿದ ಬೇರುಗಳು ನೆಲ ಮುಟ್ಟಿ, ಒಂದಕ್ಕೊಂದು ಬೆಸೆದು, ಒಳಗೆ ಸಡಿಲವಾದ ಕಲ್ಲುಗಳನ್ನು ಹೊರಗಿನಿಂದ ಕಟ್ಟಿ ಹಿಡಿಯುತ್ತವೆ. ಸಡಿಲಿಸಿದ್ದೂ ಅದೇ, ಹಿಡಿದಿದ್ದೂ ಅದೇ. ಕಾಂಬೋಡಿಯದ ಅಂಕೋರ್‌ನಲ್ಲಿರುವ ತಾ ಪ್ರೋಮ್ ದೇವಾಲಯವನ್ನು ಫ್ರೆಂಚ್ ಪುರಾತತ್ವಜ್ಞರು ಮರಗಳ ಸಮೇತವೇ ಉಳಿಸಿದರು. ನಂತರ ಅಲ್ಲಿ ದುರಸ್ತಿಗೆ ಇಳಿದ ಭಾರತೀಯ ಪುರಾತತ್ವ ಸರ್ವೇಕ್ಷಣೆಗೂ ಮರ ಮತ್ತು ಗೋಡೆ ಎರಡನ್ನೂ ಒಟ್ಟಿಗೆ ಸಂಭಾಳಿಸಬೇಕಾಯಿತು. ಅಲ್ಲಿ ಬೇರು ಚೆಲ್ಲಿ ನಿಂತ ದೈತ್ಯರಲ್ಲಿ ಆಲದ ಜಾತಿಯವಲ್ಲದೆ ಟೆಟ್ರಾಮೆಲಿಸ್ ಮರವೂ ಇದೆ, ಅದು ನಮ್ಮ ಘಟ್ಟದಲ್ಲೂ ಬೆಳೆಯುತ್ತದೆ.

ಕಟ್ಟಡ ಎಷ್ಟು ಹಳೆಯದು? ಬಿದ್ದ ಹಂಚನ್ನು ಮಗುಚಿ ನೋಡಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿದ ಹಂಚಿದ್ದರೆ ಆ ಮಾಡು ಅದಕ್ಕಿಂತ ಈಚಿನದು. ಗೋಡೆ ಮಾತ್ರ ಹಳೆಯದಿರಬಹುದು. ಗೋಡೆಯೇ ಉಳಿಯದ ಕಡೆ ಗಿಡಗಳನ್ನು ನೋಡಬೇಕು. ಕಾಡಿನ ನಡುವೆ ದಾಸವಾಳ, ದೇವಕಣಗಿಲೆ, ಸಾಲಾಗಿ ನಿಂತ ಮಾವು ಕಂಡರೆ ಅಲ್ಲಿ ಅಂಗಳವಿತ್ತು. ಮಣ್ಣಿನ ನೆನಪು ಇನ್ನೂ ಉದ್ದ. ಬೂದಿ, ಸಗಣಿ, ಮೂಳೆಯಿಂದ ಬಂದ ರಂಜಕ (ಫಾಸ್ಫರಸ್) ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಬೆಸೆದುಕೊಂಡು ಮಳೆಗೂ ಕೊಚ್ಚಿಹೋಗದೆ ಕೂರುತ್ತದೆ. ಇದನ್ನು ಮೊದಲು ಗುರುತಿಸಿದವರು ಸ್ವೀಡನ್ನಿನ ಓಲೊಫ್ ಅರೇನಿಯಸ್, 1903ರ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ ಸ್ವಾಂಟೆ ಅರೇನಿಯಸ್ ಅವರ ಮಗ. ಹೊಲಗಳ ಮಣ್ಣು ಪರೀಕ್ಷಿಸುವಾಗ ರಂಜಕ ಏರಿದ ಕಡೆಯಲ್ಲೆಲ್ಲ ಹಳೆಯ ವಸತಿ ಇದ್ದದ್ದು ಅವರಿಗೆ ಕಂಡಿತು. ಪುರಾತತ್ವದವರು ಇವತ್ತಿಗೂ ಈ ಉಪಾಯ ಬಳಸುತ್ತಾರೆ.

ಇನ್ನು ದೆವ್ವ. ಅಟ್ಟದ ಮೇಲಿನ ಹೆಜ್ಜೆ ಸಪ್ಪಳ ಕಬ್ಬೆಕ್ಕಿನದು, ಉಸಿರು ಎಳೆದಂಥ ಕರ್ಕಶ ಬುಸುಗುಡು ಕಣಜಗೂಬೆಯದು. ಮಳೆಗಾಲದ ರಾತ್ರಿ ಕೊಳೆತ ತೊಲೆ ಹಸಿರಾಗಿ ಮಿನುಗಿದರೆ ಅದು ಹೊಳೆಯುವ ಶಿಲೀಂಧ್ರ. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ವರ್ತಿಸಿ ಬೆಳಕು ಕೊಡುತ್ತದೆ, ಬಿಸಿ ಇರುವುದಿಲ್ಲ.

ಹೆದರಬೇಕಾದವು ಬೇರೆ ಇವೆ. ಒಂದು, ಉಣುಗು. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಹರಡುವ ಮರಿ ಉಣುಗು ಕಣ್ಣಿಗೆ ಕಾಣುವುದೇ ಕಷ್ಟ. ತರಗೆಲೆ ತುಂಬಿದ ಜಗಲಿಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಮಂಗ ಸತ್ತುಬಿದ್ದ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಎರಡು, ಬಾವಿ. ಮನೆ ಇದ್ದ ಕಡೆ ಬಾವಿ ಇದ್ದೇ ಇರುತ್ತದೆ, ಕಟ್ಟೆ ಕುಸಿದು ಬಳ್ಳಿ ಮುಚ್ಚಿರುತ್ತದೆ. ಹಿತ್ತಲಿನ ಕಡೆ ಕೋಲಿನಿಂದ ನೆಲ ಕುಟ್ಟುತ್ತ ನಡೆಯಿರಿ. ಮೂರು, ಬಾವಲಿ ಹಿಕ್ಕೆ ತುಂಬಿದ ಮುಚ್ಚಿದ ಕೋಣೆ. ಅಲ್ಲಿ ಧೂಳೆಬ್ಬಿಸಿದರೆ ಶ್ವಾಸಕೋಶಕ್ಕೆ ಸೋಂಕು ತರುವ ಹಿಸ್ಟೊಪ್ಲಾಸ್ಮಾ ಶಿಲೀಂಧ್ರದ ಕಣಗಳು ಉಸಿರಿಗೆ ಸೇರಬಹುದು.

ನಿಧಿಯ ಆಸೆ ದೆವ್ವದ ಭಯಕ್ಕಿಂತ ಹಾನಿಕರ. ಹೊಸ್ತಿಲ ಕೆಳಗೆ, ಗರ್ಭಗುಡಿಯಲ್ಲಿ, ಬಸವನ ಪೀಠದ ಅಡಿ ಗುಂಡಿ ತೋಡಿದರೆ ತಳಪಾಯದ ಕಲ್ಲಿಗೆ ಆಸರೆ ತಪ್ಪುತ್ತದೆ. ಮುಂದಿನ ಮಳೆಯಲ್ಲಿ ಗುಂಡಿಗೆ ನೀರು ನಿಂತು, ನೂರಾರು ವರ್ಷ ಮರವನ್ನೂ ಹೊತ್ತು ನಿಂತ ಗೋಡೆ ಮಗುಚುತ್ತದೆ.

ತಮ್ಮದೇ ಜಾಗದಲ್ಲಿ ಇಂಥ ಗೋಡೆ ಇದ್ದು ಉಳಿಸಬೇಕೆಂದಿದ್ದರೆ (ಅರಣ್ಯದ್ದಾದರೆ, ಸಂರಕ್ಷಿತ ಸ್ಮಾರಕವಾದರೆ ಕೈ ಹಾಕುವಂತಿಲ್ಲ) ಸಸಿ ಬೆರಳಿಗಿಂತ ತೆಳ್ಳಗಿರುವಾಗಲೇ ಮಳೆ ಬಿದ್ದ ಮರುದಿನ ಸಂದಿನ ಗಾರೆ ಕೆರೆದು ಬೇರುಸಹಿತ ತೆಗೆಯಬೇಕು. ಬುಡ ಕತ್ತರಿಸಿ ಬಿಟ್ಟರೆ ಚಿಗುರುತ್ತದೆ, ಒಳಗಿನ ಬೇರು ದಪ್ಪವಾಗುತ್ತಲೇ ಇರುತ್ತದೆ. ತೋಳಿನ ಗಾತ್ರ ದಾಟಿದ್ದನ್ನು ಎಳೆಯಲೇಬಾರದು, ಕಲ್ಲೂ ಜೊತೆಗೆ ಬರುತ್ತದೆ. ಮೇಲಿನ ಕೊಂಬೆಗಳ ಭಾರ ಇಳಿಸಿ, ಕಾಂಡ ಕತ್ತರಿಸಿದ ಕೂಡಲೇ ಹಸಿ ಬುಡಕ್ಕೆ ತೂತು ಕೊರೆದು ಕಳೆನಾಶಕ ತುಂಬಿ, ಬೇರು ಸಾಯಲು ಬಿಡಬೇಕು. ಸತ್ತ ಬೇರು ಕೊಳೆತಾಗ ಉಳಿಯುವ ಟೊಳ್ಳು ಇನ್ನೊಂದು ಅಪಾಯ. ತುಂಡು ತುಂಡಾಗಿ ತೆಗೆಯುತ್ತ ಹಿಂದೆಯೇ ಗಾರೆ ತುಂಬಬೇಕು.

ಆ ಗಾರೆ ಸಿಮೆಂಟಿನದಾಗಬಾರದು. ಸಿಮೆಂಟು ಜಂಬಿಟ್ಟಿಗೆಗಿಂತ ಗಟ್ಟಿ, ತೇವ ಹೊರಹೋಗಲು ಬಿಡುವುದಿಲ್ಲ. ತೇವ ಕಲ್ಲಿನ ಮೂಲಕ ಹೊರಟು, ಅದರಲ್ಲಿನ ಉಪ್ಪು ಹರಳುಗಟ್ಟಿ, ಸಿಮೆಂಟು ಉಳಿದು ಕಲ್ಲು ಉದುರುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳು, ಒದ್ದೆ ಜಾಗಕ್ಕಾದರೆ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ. ಸಂದನ್ನು ಮೊದಲು ನೀರಿನಿಂದ ನೆನೆಸಿ, ಎರಡು ಮೂರು ಸೆಂಟಿಮೀಟರಿನ ಪದರಗಳಲ್ಲಿ ಒತ್ತಿ ತುಂಬಿ, ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಿಡಿ. ಕೆಲಸ ನವೆಂಬರಿನಲ್ಲಿ ಹಿಡಿದರೆ ಒಳ್ಳೆಯದು: ಸುಣ್ಣ ಗಾಳಿ ಹೀರಿ ಗಟ್ಟಿಯಾಗುವುದು ತಿಂಗಳಿಗೆ ಒಂದೆರಡು ಮಿಲಿಮೀಟರಿನ ಲೆಕ್ಕದಲ್ಲಿ, ಜೂನ್ ಬರುವಷ್ಟರಲ್ಲಿ ಹೊರಪದರವಾದರೂ ಕೂಡಿಕೊಂಡಿರಬೇಕು.