ಅಮೆರಿಕ ಎಷ್ಟು ಸ್ಯಾಂಕ್ಷನ್ ಮಾಡಿತು?

2022ರ ಮಾರ್ಚ್ ಇರಬೇಕು. ರಷ್ಯಾ ಉಕ್ರೇನಿಗೆ ನುಗ್ಗಿ ಕೆಲವು ದಿನ ಆಗಿತ್ತು. ಇಂಗ್ಲಿಷ್ ಪೇಪರ್ ಹಿಡಿದು ಕೂತಿದ್ದ ಚಿಕ್ಕಪ್ಪ ತಲೆ ಎತ್ತಿ ಕೇಳಿದರು. "ಅಲ್ಲ ಕಣೋ, ಈ ಅಮೆರಿಕದವರು ರಷ್ಯಾಕ್ಕೆ ಏನೋ ಸ್ಯಾಂಕ್ಷನ್ ಮಾಡಿದ್ದಾರಂತಲ್ಲ, ಜಗಳ ಆಡ್ಕೊಂಡೇ ದುಡ್ಡೂ ಕೊಡ್ತಾರಾ?"

ನಗಬೇಡಿ. ಚಿಕ್ಕಪ್ಪ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಹೊತ್ತವರು. ರಜೆ ಸ್ಯಾಂಕ್ಷನ್ ಆಗಬೇಕು, ಬಿಲ್ ಸ್ಯಾಂಕ್ಷನ್ ಆಗಬೇಕು, ಮನೆ ಸಾಲ ಸ್ಯಾಂಕ್ಷನ್ ಆದರೆ ಸಿಹಿ ಹಂಚಬೇಕು. ಅವರ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಪದ ಇನ್ನೊಂದಿಲ್ಲ. ಅದೇ ಪದಕ್ಕೆ 'ಶಿಕ್ಷೆ' ಅನ್ನುವ ಅರ್ಥವೂ ಇದೆ ಅಂದರೆ ನಂಬುವುದು ಹೇಗೆ?

ಹೀಗೆ ತನಗೆ ತಾನೇ ಎದುರಾಗುವ ಪದಗಳು ಇಂಗ್ಲಿಷಿನಲ್ಲಿ ಹಲವಾರಿವೆ. ಎರಡು ಮುಖದ ರೋಮನ್ ದೇವರು ಜೇನಸ್‌ನ ಹೆಸರಲ್ಲಿ ಇವನ್ನು ಜೇನಸ್ ಪದಗಳು ಅನ್ನುವುದುಂಟು. ಆದರೆ ಎಲ್ಲದರ ಹುಟ್ಟೂ ಒಂದೇ ಥರ ಅಲ್ಲ. 'ಕ್ಲೀವ್' ಅಂದರೆ ಸೀಳು, 'ಕ್ಲೀವ್' ಅಂದರೆ ಅಂಟಿಕೊಳ್ಳು. ಇದು ಮೋಸದ ಜೋಡಿ. ಹಳೆಯ ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಪದಗಳೇ. ಉಚ್ಚಾರಣೆ ಸವೆದು ಸವೆದು ಒಂದೇ ರೂಪಕ್ಕೆ ಬಂದುಬಿಟ್ಟವು, ಅಷ್ಟೇ. ಸ್ಯಾಂಕ್ಷನ್ ಹಾಗಲ್ಲ. ಅದು ನಿಜವಾಗಿಯೂ ಒಂದೇ ಪದ. ಬೆಳೆಯುತ್ತಾ ಎರಡು ಕೊಂಬೆಯಾಯಿತು.

ಬೇರು ಲ್ಯಾಟಿನ್‌ನ 'ಸಾಂಕಿರೆ'. ಪವಿತ್ರ ಮಾಡು, ಕಟ್ಟಳೆ ವಿಧಿಸು ಅಂತ ಅರ್ಥ. ರೋಮನ್ನರ ಕಾನೂನಿನಲ್ಲಿ 'ಸಾಂಕ್ಷಿಯೋ' ಅನ್ನುವ ಒಂದು ಭಾಗ ಇರುತ್ತಿತ್ತು. ಈ ಕಟ್ಟಳೆ ಮೀರಿದವನಿಗೆ ಏನು ಗತಿ ಅಂತ ಹೇಳುವ ಭಾಗ ಅದು. ಅಂದರೆ ಕಾನೂನಿಗೆ ಬಲ ಕೊಡುವುದೂ ಅದೇ, ಮೀರಿದವನ ಬೆನ್ನಿಗೆ ಬಾರಿಸುವುದೂ ಅದೇ. ಇದರ ನೆಂಟ 'ಸಾಕರ್' ಅನ್ನುವ ಪದ ಇನ್ನೂ ವಿಚಿತ್ರ. ದೇವರಿಗೆ ಮೀಸಲಾದದ್ದೂ ಸಾಕರ್, ಶಾಪಕ್ಕೆ ಗುರಿಯಾದದ್ದೂ ಸಾಕರ್. ಸಾಕರ್ ಅಂತ ಘೋಷಿಸಿದ ಮನುಷ್ಯನನ್ನು ಯಾರು ಕೊಂದರೂ ಅದು ಕೊಲೆ ಅನ್ನಿಸಿಕೊಳ್ಳುತ್ತಿರಲಿಲ್ಲ.

ಈ ಪದಕ್ಕೆ ಮರುಳಾದವರಲ್ಲಿ ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಕೂಡ ಒಬ್ಬರು. ಕಾರ್ಲ್ ಆಬೆಲ್ ಅನ್ನುವ ಭಾಷಾಪಂಡಿತರ ಬರಹ ಹಿಡಿದುಕೊಂಡು, ಆದಿಕಾಲದ ಪದಗಳಲ್ಲಿ ವಿರುದ್ಧ ಅರ್ಥಗಳು ಒಟ್ಟಿಗೇ ಇದ್ದವು, ನಮ್ಮ ಕನಸುಗಳೂ ಹಾಗೇ ಅಂತ 1910ರಲ್ಲಿ ಬರೆದರು. ಆಬೆಲ್ ಕೊಟ್ಟ ಉದಾಹರಣೆಗಳು ಪೊಳ್ಳು ಅಂತ 1956ರಲ್ಲಿ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ತ್ ತೋರಿಸಿಕೊಟ್ಟರು. ನನಗೂ ಅದೇ ಸರಿ ಕಾಣುತ್ತದೆ. ಕನಸಿನವರೆಗೂ ಹೋಗಬೇಕಿಲ್ಲ. ರಾಜನ ಮೊಹರು ನೆನಪಿಸಿಕೊಳ್ಳಿ. ಅದೇ ಮೊಹರು ಜಮೀನು ಕೊಡುವ ಪತ್ರದ ಮೇಲೂ ಬೀಳುತ್ತದೆ, ಗಡೀಪಾರಿನ ಆಜ್ಞೆಯ ಮೇಲೂ ಬೀಳುತ್ತದೆ. ಸ್ಯಾಂಕ್ಷನ್ ಅನ್ನುವುದು ಹೌದೂ ಅಲ್ಲ, ಬೇಡವೂ ಅಲ್ಲ. ಅದು ಮೊಹರು.

ಇದರ ಸಮಾನಾರ್ಥಕಗಳನ್ನು ಪಕ್ಕದಲ್ಲಿಟ್ಟರೆ ಇದು ಚೆನ್ನಾಗಿ ಕಾಣುತ್ತದೆ. ಅಪ್ರೂವ್ ಮಾಡೋದಕ್ಕೆ ಅಧಿಕಾರ ಬೇಕಿಲ್ಲ. ಮಗಳ ಹೊಸ ಗೆಳೆಯನನ್ನು ಅಜ್ಜಿಯೂ ಅಪ್ರೂವ್ ಮಾಡಬಹುದು. ಪರ್ಮಿಟ್ ಅಂದರೆ ತಡೆಯದೆ ಬಿಡುವುದು. ರ‍್ಯಾಟಿಫೈ ಅಂದರೆ ಬೇರೆಯವರು ಆಗಲೇ ಸಹಿ ಹಾಕಿದ್ದಕ್ಕೆ ಆಮೇಲೆ ಒಪ್ಪಿಗೆ ಕೊಡುವುದು. ಆ ಕಡೆ ಎಂಬಾರ್ಗೋ ಅಂದರೆ ಸರಕಿನ ವ್ಯಾಪಾರಕ್ಕೆ ತಡೆ. ಬಾಯ್ಕಾಟ್ ಜನ ಮಾಡುವಂಥದ್ದು. 1880ರಲ್ಲಿ ಐರ್ಲೆಂಡಿನ ರೈತರು ಚಾರ್ಲ್ಸ್ ಬಾಯ್ಕಾಟ್ ಅನ್ನುವ ಜಮೀನು ಏಜೆಂಟನ ಜೊತೆ ಮಾತುಕತೆ, ಕೆಲಸ ಎಲ್ಲ ಬಿಟ್ಟರು, ಅವನ ಹೆಸರೇ ಪದವಾಯಿತು. ಅಪ್ರೂವ್‌ಗೂ ಬಾಯ್ಕಾಟಿಗೂ ಮೊಹರು ಬೇಕಿಲ್ಲ. ಸ್ಯಾಂಕ್ಷನ್‌ಗೆ ಬೇಕೇ ಬೇಕು, ಕೊಡುವಾಗಲೂ ಹೊಡೆಯುವಾಗಲೂ.

ಈಗಿನ ದಂಡದ ಅರ್ಥಕ್ಕೆ ಜಗತ್ತಿನಾದ್ಯಂತ ಪ್ರಚಾರ ಸಿಕ್ಕಿದ್ದು 20ನೇ ಶತಮಾನದಲ್ಲಿ. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದಾಗ, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್ ಅದರ ಮೇಲೆ ಆರ್ಥಿಕ ಸ್ಯಾಂಕ್ಷನ್ ಹೇರಿತು. ತೈಲವನ್ನು ಮಾತ್ರ ಪಟ್ಟಿಯಿಂದ ಹೊರಗಿಟ್ಟಿತು, ಹಾಗಾಗಿ ಯುದ್ಧ ನಿಲ್ಲಲಿಲ್ಲ.

ಕನ್ನಡಕ್ಕೆ ಬಂದದ್ದು ಮಾತ್ರ ಅರ್ಧ ಪದ. ಒಪ್ಪಿಗೆಯ ಅರ್ಧವನ್ನು ಆಫೀಸು, ಬ್ಯಾಂಕುಗಳ ಮೂಲಕ ನಾವು ಒಳಗೆ ಬಿಟ್ಟುಕೊಂಡೆವು. ದಂಡದ ಅರ್ಧವನ್ನು ಪತ್ರಿಕೆಯವರು ನಿರ್ಬಂಧ, ದಿಗ್ಬಂಧನ ಅಂತ ಬೇರೆ ಪದಗಳಿಗೆ ವಹಿಸಿದರು. ಎರವಲು ಪದಗಳಲ್ಲಿ ಇದು ಮಾಮೂಲು. ಒಂದು ಪದ ತನ್ನ ಪೂರ್ತಿ ಸಂಸಾರ ಕಟ್ಟಿಕೊಂಡು ಬೇರೆ ಭಾಷೆಗೆ ಬರುವುದು ಕಡಿಮೆ. ಮಂಜೂರು ಕೂಡ ಹಾಗೇ. ಅರಬ್ಬಿಯಲ್ಲಿ ಅದರ ಮೂಲ ಅರ್ಥ 'ನೋಡಿದ್ದು'. ನಜರು ಅದರ ಅಣ್ಣತಮ್ಮ. ಸಾಹೇಬರ ಕಣ್ಣಿಗೆ ಬಿದ್ದರೆ ಮಂಜೂರು ಅಂತ ಅಲ್ವಾ!

ಹಾಗಾದರೆ ಎರಡೂ ಅರ್ಧ ಇಟ್ಟುಕೊಂಡಿರುವ ಇಂಗ್ಲಿಷ್‌ನವರು ಗೊಂದಲ ಆಗದೆ ಹೇಗೆ ಓದುತ್ತಾರೆ? ಮನಶ್ಶಾಸ್ತ್ರಜ್ಞ ಡೇವಿಡ್ ಸ್ವಿನ್ನಿ 1979ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಅವರು ಆರಿಸಿದ್ದು 'ಬಗ್ಸ್' ಅನ್ನುವ ಪದ. ಅದಕ್ಕೆ ಹುಳು ಅಂತಲೂ ಅರ್ಥ, ಕದ್ದು ಕೇಳುವ ಯಂತ್ರ ಅಂತಲೂ ಅರ್ಥ. ಕೋಣೆಯಲ್ಲಿ ಜೇಡ, ಜಿರಳೆ, ಇತರ ಬಗ್ಸ್ ಇದ್ದವು ಅನ್ನುವ ವಾಕ್ಯವನ್ನು ಕೇಳಿಸುತ್ತಾ ಪರದೆಯ ಮೇಲೆ ಪದಗಳನ್ನು ಮಿನುಗಿಸಿದರು. 'ಬಗ್ಸ್' ಕಿವಿಗೆ ಬಿದ್ದ ತಕ್ಷಣ ತೋರಿಸಿದರೆ 'ಇರುವೆ' ಅನ್ನುವುದನ್ನೂ ಜನ ಬೇಗ ಗುರುತಿಸಿದರು, 'ಗೂಢಚಾರ' ಅನ್ನುವುದನ್ನೂ ಬೇಗ ಗುರುತಿಸಿದರು. ಜೇಡ, ಜಿರಳೆ ಅಂತ ಅಷ್ಟು ಸುಳಿವು ಕೊಟ್ಟಿದ್ದರೂ! ಮೂರೇ ಮೂರು ಅಕ್ಷರ ಕಳೆದ ಮೇಲೆ ತೋರಿಸಿದಾಗ ಇರುವೆ ಮಾತ್ರ ಉಳಿದಿತ್ತು. ಅಂದರೆ ಮನಸ್ಸು ಮೊದಲು ಎರಡೂ ಬಾಗಿಲು ತೆರೆಯುತ್ತದೆ. ಆಮೇಲೆ ನಮಗೆ ಗೊತ್ತಾಗುವ ಮೊದಲೇ ಒಂದನ್ನು ಮುಚ್ಚುತ್ತದೆ. ಚಿಕ್ಕಪ್ಪನ ತಲೆಯಲ್ಲಿ ಇದ್ದದ್ದೇ ಒಂದು ಬಾಗಿಲು, ಪಾಪ.

ಸ್ಯಾಂಕ್ಷನ್ ವಿಷಯದಲ್ಲಿ ವ್ಯಾಕರಣವೂ ಕೈ ಜೋಡಿಸುತ್ತದೆ. ನಾಮಪದವಾಗಿ ಏಕವಚನದಲ್ಲಿದ್ದರೆ ಹೆಚ್ಚಾಗಿ ಒಪ್ಪಿಗೆ. ಬಹುವಚನದಲ್ಲಿ 'ಸ್ಯಾಂಕ್ಷನ್ಸ್' ಅಂತ ಬಂದರೆ ಬಹುಪಾಲು ದಂಡವೇ. ಕ್ರಿಯಾಪದವಾದರೆ ಮಾತ್ರ ಹುಷಾರಾಗಿರಬೇಕು, ಎರಡರಲ್ಲಿ ಯಾವುದೂ ಆಗಬಹುದು.

ಎರಡೂ ಅರ್ಥಗಳು ನಮ್ಮ ಬೆಂಗಳೂರಿನಲ್ಲೇ ಬೆನ್ನುಬೆನ್ನಿಗೆ ಬಂದದ್ದುಂಟು. ತೀರಾ ತಣ್ಣಗಿನ ದ್ರವ ಇಂಧನದಿಂದ ಓಡುವ ಕ್ರಯೋಜೆನಿಕ್ ರಾಕೆಟ್ ಎಂಜಿನ್‌ಗಾಗಿ ಇಸ್ರೋ 1991ರಲ್ಲಿ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. 1992ರ ಮೇನಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷದ ಸ್ಯಾಂಕ್ಷನ್ಸ್ ಹೇರಿತು. ಮರುವರ್ಷ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದು, ಸಿದ್ಧ ಎಂಜಿನ್‌ಗಳನ್ನಷ್ಟೇ ಕೊಡುವುದಾಗಿ ಹೇಳಿತು. 1994ರಲ್ಲಿ ನಮ್ಮದೇ ಕ್ರಯೋಜೆನಿಕ್ ಹಂತದ ಯೋಜನೆ ಸ್ಯಾಂಕ್ಷನ್ ಆಯಿತು. ಅದನ್ನು ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಗೆದ್ದು ಮೇಲೆ ಹೋಗಿದ್ದು 2014ರ ಜನವರಿ 5ರಂದು.

ಇದನ್ನೆಲ್ಲ ಚಿಕ್ಕಪ್ಪನಿಗೆ ವಿವರಿಸಿ ಹೇಳಿದೆ. ಪೇಪರ್ ಮಡಿಸುತ್ತಾ ಕೇಳಿಸಿಕೊಂಡರು. ಇಸ್ರೋ ಕತೆ ಅವರಿಗೆ ಮೊದಲೇ ಗೊತ್ತಿತ್ತು. ತಲೆಗೆ ಹತ್ತದೆ ಹೋಗಿದ್ದು ವ್ಯಾಕರಣ. "ಏನಪ್ಪಾ ಇದು," ಅಂದರು, "ನಮ್ಮಲ್ಲಿ ಬಹುವಚನ ಹಾಕೋದು ಮರ್ಯಾದೆಗೆ. ಅವರು ಬಹುವಚನದಲ್ಲೇ ಹೊಡೀತಾರಾ?"