ಸ್ವಂತ ಪುಸ್ತಕ ತಂದು ಓದುವವರು

ಗ್ರಂಥಪಾಲಕರು ನಾಲ್ಕು ಜನ ಸೇರಿದರೆ ಒಂದು ದೂರು ಬಂದೇ ಬರುತ್ತದೆ. "ಈ ಪರೀಕ್ಷೆ ಹುಡುಗರು ನಮ್ಮ ಪುಸ್ತಕ ಮುಟ್ಟೋದೇ ಇಲ್ಲ ಸಾರ್. ತಮ್ಮ ಗೈಡು ತಾವೇ ತರ್ತಾರೆ, ಸಂಜೆವರೆಗೂ ಕುರ್ಚಿ ಬಿಡಲ್ಲ." ಪಿಡಿಒ, ಎಫ್‌ಡಿಎ, ಪೊಲೀಸ್ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರ ಬಗ್ಗೆ ಈ ಮಾತು. ಮಾತೇನೋ ನಿಜ. ಆದರೆ ಇದು ದೂರು ಹೇಗಾಗುತ್ತದೆ ಅನ್ನೋದೇ ನನಗೆ ಅರ್ಥವಾಗಿಲ್ಲ.

ನಮ್ಮಲ್ಲಿ ಗ್ರಂಥಾಲಯದ ಓದುಗ ಯಾವ ಕಾಲದಲ್ಲೂ ಒಂದೇ ಥರ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಮರುವರ್ಷ ಅದು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೆ ಬಂತು. ಅದೇ ಕೆಂಪು ಕಟ್ಟಡ ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಹೆಸರಿಗೆ ಸಾರ್ವಜನಿಕ, ಒಳಗೆ ಬರುತ್ತಿದ್ದವರು ಹೆಚ್ಚಾಗಿ ಪೇಟೆಯ ಓದುಬರಹ ಬಲ್ಲವರು.

ಏಕೀಕರಣದ ಹೊತ್ತಿಗೆ ಕಥೆ ಇನ್ನೂ ಸಿಕ್ಕುಸಿಕ್ಕಾಗಿತ್ತು. ಮಂಗಳೂರು, ಬಳ್ಳಾರಿ ಮದ್ರಾಸಿನ ಕಡೆಯಿಂದ ಬಂದವು, ಅಲ್ಲಿ 1948ರಲ್ಲೇ ಗ್ರಂಥಾಲಯ ಕಾಯ್ದೆ ಆಗಿತ್ತು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದಿನ 1955ರ ಕಾಯ್ದೆ. ಧಾರವಾಡದ ಕಡೆ, ಹಳೇ ಮೈಸೂರಿನ ಕಡೆ ಕಾಯ್ದೆಯೇ ಇರಲಿಲ್ಲ. ಒಂದೇ ರಾಜ್ಯ, ಊರಿಗೊಂದು ಪದ್ಧತಿ! ಇದಕ್ಕೆಲ್ಲ ಒಂದು ಚೌಕಟ್ಟು ಸಿಕ್ಕಿದ್ದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ. ಮರುವರ್ಷ ಗ್ರಂಥಾಲಯ ಇಲಾಖೆಯೂ ಬಂತು. ಆ ಕಾಯ್ದೆಯ ಜೀವ ಇರುವುದು ಸೆಸ್‌ನಲ್ಲಿ. ಪೇಟೆಯಲ್ಲಿ ಮನೆ ಇರುವವರು ಆಸ್ತಿ ತೆರಿಗೆಯ ಜೊತೆ ಅದರ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾರೆ. ರಸೀದಿ ತೆಗೆದು ನೋಡಿ, ಇರುತ್ತದೆ. ವಸೂಲಾದ ಹಣ ಗ್ರಂಥಾಲಯಕ್ಕೆ ಸರಿಯಾಗಿ ತಲುಪುತ್ತದಾ ಅನ್ನೋದು ಬೇರೆ ಮಾತು, ಅದನ್ನು ಬರೆಯಲು ಇನ್ನೊಂದು ಅಂಕಣವೇ ಬೇಕು.

ಹಳ್ಳಿಗಳಲ್ಲಿ ದೊಡ್ಡ ಬದಲಾವಣೆ ತೀರಾ ಈಚಿನದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. 5,500ಕ್ಕೂ ಜಾಸ್ತಿ. ಮುಂದಿನ ವರ್ಷ, ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಅಲ್ಲಿಯವರೆಗೆ ಪೇಪರ್ ಓದಲು ಬರುವ ಹಿರಿಯರೇ ತುಂಬಿರುತ್ತಿದ್ದ ಕೋಣೆಗಳಿಗೆ ಮಕ್ಕಳು ನುಗ್ಗಿದರು. ಆಗಲೂ "ಗಲಾಟೆ ಮಾಡ್ತಾವೆ" ಎಂದವರು ಇದ್ದರು!

ಪರೀಕ್ಷೆಗೆ ಓದುವವರದ್ದೂ ಇದೇ ಕಥೆ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ತಿಂಗಳಿಗೆ ದುಡ್ಡು ಕೊಟ್ಟು ಕೂರುವ ಓದುಕೋಣೆಗಳಿವೆ. ಅದಕ್ಕೆ ದುಡ್ಡಿಲ್ಲದವರು ನಮ್ಮಲ್ಲಿಗೆ ಬರುತ್ತಾರೆ. ಮನೆಯಲ್ಲಿ ಕೂತರೆ ಹತ್ತು ಕೆಲಸ ಹೇಳುತ್ತಾರೆ ಎಂದು ಬರುವ ಹೆಣ್ಣುಮಕ್ಕಳಿದ್ದಾರೆ. "ಎಲ್ಲಿಗೆ?" ಎಂದು ಮನೆಯವರು ಕೇಳಿದಾಗ "ಲೈಬ್ರರಿಗೆ" ಎಂದರೆ ಮರುಪ್ರಶ್ನೆ ಬರಲ್ಲ, ಅಲ್ವಾ?

ತೊಂದರೆ ಇರುವುದು ನಮ್ಮ ಲೆಕ್ಕದಲ್ಲಿ. ಎಷ್ಟು ಪುಸ್ತಕ ಎರವಲು ಹೋಯಿತು ಎಂಬುದನ್ನೇ ನಾವು ಸಾಧನೆ ಎಂದುಕೊಂಡಿದ್ದೇವೆ. ಹಾಗೆ ನೋಡಿದರೆ ಎಂಟು ಗಂಟೆ ಕೂತು ಓದಿದ ಹುಡುಗಿ ಲೆಕ್ಕಕ್ಕೇ ಇಲ್ಲ. ಅತ್ತ, ಪುಸ್ತಕ ಕಳೆದರೆ ತಮ್ಮ ತಲೆಗೆ ಬರುತ್ತದೆ ಎಂದು ಬೀರುಗಳಿಗೆ ಬೀಗ ಹಾಕಿಡುವವರೂ ನಮ್ಮಲ್ಲೇ ಇದ್ದಾರೆ. ಬೀಗದ ಹಿಂದಿನ ಕಾದಂಬರಿ ಓದಲು ಆ ಹುಡುಗಿಗೆ ಆಸೆ ಹುಟ್ಟುವುದಾದರೂ ಹೇಗೆ? ದಿನವಿಡೀ ಗೈಡು ಓದಿ ತಲೆ ಬಿಸಿಯಾದಾಗ ಪಕ್ಕದಲ್ಲೇ ತೆರೆದ ಕಪಾಟು ಇದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಸಿ. ತಿಂಗಳ ವರದಿಯಲ್ಲಿ ಅದನ್ನೂ ಸೇರಿಸಿ. ಇನ್ನೊಂದು ಮೇಜು, ನಾಲ್ಕು ಪ್ಲಗ್ ಪಾಯಿಂಟ್, ಹೆಣ್ಣುಮಕ್ಕಳಿಗೆ ಶೌಚಾಲಯ ಕೇಳುವಾಗ ಮೇಲಿನವರ ಮುಂದೆ ಇಡಲು ಒಂದು ಅಂಕಿಯಾದರೂ ಇರುತ್ತದೆ.