ರೈಟರ ಬೀಗದ ಕೈ

ಸಕಲೇಶಪುರದಾಚೆ ಇರುವ ನಮ್ಮ ಚಿಕ್ಕಪ್ಪನ ಕಾಫಿ ತೋಟದ ಆಫೀಸಿನಲ್ಲಿ, ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದಿದ್ದಾರೆ. ಹಲಗೆಯಲ್ಲಿ ಮೊಳೆಗಳು, ಮೊಳೆಗಳಲ್ಲಿ ಬೀಗದ ಕೈಗಳು. ಗೋಡೌನು, ಗೊಬ್ಬರದ ಕೋಣೆ, ಪಲ್ಪರ್ ಮನೆ, ಡೀಸೆಲ್ ಶೆಡ್ಡು. ಯಾವ ಮೊಳೆಯ ಮೇಲೂ ಯಾರ ಹೆಸರೂ ಇಲ್ಲ. ‘ರೈಟರು’, ‘ಮೇಸ್ತ್ರಿ’, ‘ಡ್ರೈವರ್’ ಎಂದಷ್ಟೇ ಬಣ್ಣದಲ್ಲಿ ಬರೆದಿದೆ. ನಾನು ಚಿಕ್ಕವನಾಗಿದ್ದಾಗಿನಿಂದ ನಾಲ್ಕು ಜನ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಬಂದು ಹೋದರು. ಮೊಳೆ ಮಾತ್ರ ಅದೇ.

ಮೂರು ವರ್ಷದ ಹಿಂದೆ ಅದೇ ಆಫೀಸಿಗೆ ಕಂಪ್ಯೂಟರ್ ಲೆಕ್ಕ ಬಂತು. ಬ್ರೌಸರಿನಲ್ಲಿ ತೆರೆಯುವ ಒಂದು ಅಡ್ಮಿನ್ ಪುಟ. ಹಾಜರಿ, ಕೊಯ್ಲಿನ ತೂಕ, ಗೊಬ್ಬರದ ದಾಸ್ತಾನು, ಬಟವಾಡೆ ಎಲ್ಲ ಅದರೊಳಗೇ. ಹಲಗೆಗಿದ್ದ ಬುದ್ಧಿ ಮಾತ್ರ ಅದರ ಜೊತೆ ಬರಲಿಲ್ಲ. ಇದ್ದದ್ದು ಒಂದೇ ಲಾಗಿನ್, ‘ಅಡ್ಮಿನ್’. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದರು. ಚಿಕ್ಕಪ್ಪ, ರೈಟರು, ಮೇಸ್ತ್ರಿಯ ಮಗ, ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವ ಚಿಕ್ಕಪ್ಪನ ಮಗಳು, ಎಲ್ಲರೂ ಒಳಗೆ ಹೋಗುತ್ತಿದ್ದದ್ದು ಅದರಲ್ಲೇ. ಅರೇಬಿಕಾ ಕೊಯ್ಲು ಜೋರಾಗಿದ್ದಾಗ ಒಂದು ಸೋಮವಾರ ನೋಡಿದರೆ ಹಿಂದಿನ ವಾರದ ತೂಕದ ಲೆಕ್ಕವೇ ಮಾಯ. ಹಾಸನದಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಂಡಿರುವ ನನಗೆ ಫೋನು ಬಂತು. (ಮನೆಯಲ್ಲಿ ಒಬ್ಬನಿಗೆ ಕಂಪ್ಯೂಟರ್ ಗೊತ್ತು ಎಂದಾದರೆ ಪ್ರಿಂಟರಿನಿಂದ ಟಿವಿ ರಿಮೋಟಿನವರೆಗೆ ಎಲ್ಲವೂ ಅವನದೇ ಖಾತೆ.) ಹೋಗಿ, ಯಾರು ಏನು ಮಾಡಿದರೆಂದು ಯಂತ್ರ ಬರೆದಿಡುವ ಲಾಗ್ ತೆಗೆದೆ. ಅಳಿಸಿದ್ದು ‘ಅಡ್ಮಿನ್’ ಎಂದಿತ್ತು. ಅಲ್ಲಿ ಅಡ್ಮಿನ್ ಅಲ್ಲದವರೇ ಇರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಎರಡು ದಿನ ಆಫೀಸಿನಲ್ಲಿ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. ಕೊನೆಗೆ ಮೇಸ್ತ್ರಿಯ ಕಿಸೆಯಲ್ಲಿದ್ದ ಪುಟ್ಟ ನೋಟ್‌ಬುಕ್ಕು ಮಾನ ಉಳಿಸಿತು.

ಕಂಪ್ಯೂಟರಿನ ಬಾಗಿಲಲ್ಲಿ ಎರಡು ಪ್ರಶ್ನೆಗಳಿವೆ. ‘ನೀನು ಯಾರು?’ ಎಂಬುದು ಒಂದು. ‘ಈ ಕೆಲಸ ಮಾಡಲು ನಿನಗೆ ಅನುಮತಿ ಇದೆಯೇ?’ ಎಂಬುದು ಇನ್ನೊಂದು. ಪಾಸ್‌ವರ್ಡು, ಓಟಿಪಿ, ಬೆರಳಚ್ಚು ಇವೆಲ್ಲ ಮೊದಲನೆಯದಕ್ಕೆ ಉತ್ತರ. ನಾವು ತಲೆ ಕೆಡಿಸಿಕೊಳ್ಳುವುದೂ ಅದರ ಬಗ್ಗೆಯೇ. ವೆಬ್ ಈ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಇಟ್ಟುಕೊಂಡಿದೆ. ಪುಟವನ್ನು ಕಳಿಸಿಕೊಡುವ ಆಚೆ ಕಡೆಯ ಕಂಪ್ಯೂಟರು, ಅಂದರೆ ಸರ್ವರ್, 401 ಎಂದರೆ ‘ನೀನು ಯಾರೆಂದು ಗೊತ್ತಾಗಲಿಲ್ಲ’ ಎಂದರ್ಥ. 403 ಎಂದರೆ ‘ಯಾರೆಂದು ಗೊತ್ತು, ಆದರೂ ಬಿಡಲ್ಲ’. ನಮ್ಮ ತೋಟದ ಪುಟಕ್ಕೆ 403 ಎಂಬ ಮಾತೇ ಗೊತ್ತಿರಲಿಲ್ಲ.

ಈ ಎರಡನೇ ಪ್ರಶ್ನೆ ಹುಟ್ಟಿದ್ದು ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳತೊಡಗಿದ ಮೇಲೆ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಅಂಥದ್ದು. ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡು, ವಾರಕ್ಕೆ ಇಷ್ಟು ಗಂಟೆ ಎಂಬ ಪಡಿತರ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಗಂಟೆ ಸಾಲಲಿಲ್ಲ. 1962ರಲ್ಲಿ ಆತ ಮಾಡಿದ್ದು ಇಷ್ಟೇ: ಪಾಸ್‌ವರ್ಡ್‌ಗಳಿದ್ದ ಕಡತದ ಹೆಸರು ಬರೆದು, ಇದನ್ನು ಮುದ್ರಿಸಿಕೊಡಿ ಎಂದು ಪಂಚ್ ಕಾರ್ಡ್ ಹಾಕಿದ. ಯಂತ್ರ ಮುದ್ರಿಸಿಕೊಟ್ಟಿತು. ಬೀಗ ಒಡೆಯಲಿಲ್ಲ, ಗೋಡೆ ಹಾರಲಿಲ್ಲ. ಮುದ್ರಿಸುವ ವ್ಯವಸ್ಥೆಗೆ, ಕೇಳಿದವನು ಈ ಕಡತ ನೋಡಬಹುದೇ ಎಂದು ವಿಚಾರಿಸುವ ಪದ್ಧತಿಯೇ ಇರಲಿಲ್ಲ.

1971ರಲ್ಲಿ ಬಟ್ಲರ್ ಲ್ಯಾಂಪ್ಸನ್ ಎಂಬ ಕಂಪ್ಯೂಟರ್ ವಿಜ್ಞಾನಿ ಈ ಪ್ರಶ್ನೆಯನ್ನು ಒಂದು ಕೋಷ್ಟಕಕ್ಕೆ ಇಳಿಸಿದರು. ಸಾಲುಗಳಲ್ಲಿ ಬಳಕೆದಾರರು, ಕಂಬಗಳಲ್ಲಿ ವಸ್ತುಗಳು; ಪ್ರತಿ ಚೌಕದಲ್ಲೂ ಈ ಮನುಷ್ಯ ಈ ವಸ್ತುವಿನ ಮೇಲೆ ಏನೇನು ಮಾಡಬಹುದು ಎಂಬ ಬರಹ. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದದ್ದು ಬೇಕಿಲ್ಲ. ಬಳಸಲು ಹೊರಟರೆ ಮಾತ್ರ ಕಷ್ಟ. ಇಪ್ಪತ್ತು ಜನ, ಮೂವತ್ತು ಬಗೆಯ ಕೆಲಸ ಎಂದರೆ 600 ಚೌಕ. ಹೊಸಬನೊಬ್ಬ ಬಂದರೆ ಮತ್ತೆ 30 ಚೌಕ ತುಂಬಬೇಕು. ಇದರಿಂದ ಬೇಸತ್ತವರು ಎಲ್ಲ ಚೌಕಕ್ಕೂ ‘ಹೌದು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದನ್ನು ಸರಳ ಮಾಡಲು ಜಗತ್ತನ್ನು ಮೂರೇ ಪಾಲು ಮಾಡಿತು: ಕಡತದ ಒಡೆಯ, ಅವನ ಗುಂಪು, ಉಳಿದವರು. ಪ್ರತಿಯೊಬ್ಬರಿಗೂ ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಹಕ್ಕು. ಅಲ್ಲೂ ಕೈತೊಳೆದುಕೊಳ್ಳುವವರಿಗೊಂದು ದಾರಿ ಇದೆ. 777 ಎಂದು ಬರೆದರೆ ಎಲ್ಲರಿಗೂ ಎಲ್ಲವೂ. ವೆಬ್‌ಸೈಟಿನಲ್ಲಿ ಏನೋ ಕೆಲಸ ಮಾಡುತ್ತಿಲ್ಲ ಎಂದರೆ ಮೊದಲು 777 ಹೊಡೆದು ನೋಡುವ ಚಟ ನನಗೂ ಇತ್ತು, ಒಪ್ಪಿಕೊಳ್ಳುತ್ತೇನೆ.

1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಎಂಬಿಬ್ಬರು ಅಮೆರಿಕದ ಮಾನಕಗಳ ಸಂಸ್ಥೆಯಾದ ಎನ್‌ಐಎಸ್‌ಟಿಯಿಂದ ಮುಂದಿಟ್ಟದ್ದು ನಮ್ಮ ಚಿಕ್ಕಪ್ಪನ ಹಲಗೆಯನ್ನೇ. ಅನುಮತಿಯನ್ನು ಮನುಷ್ಯನಿಗೆ ಕಟ್ಟಬೇಡಿ, ಹುದ್ದೆಗೆ ಕಟ್ಟಿ. ಆಮೇಲೆ ಮನುಷ್ಯನನ್ನು ಆ ಹುದ್ದೆಯಲ್ಲಿ ಕೂರಿಸಿ. ನಾಲ್ಕು ಹುದ್ದೆ, ಮೂವತ್ತು ಕೆಲಸ ಎಂದರೆ 120 ಚೌಕ. ಯಾರು ಯಾವ ಹುದ್ದೆ ಎಂದು ಬರೆಯಲು ಇನ್ನೊಂದು 20 ಸಾಲು. 600 ಇದ್ದದ್ದು 140ಕ್ಕೆ ಇಳಿಯಿತು. ಹೊಸಬ ಬಂದರೆ ಒಂದೇ ಸಾಲು. ಇಂದು ಯಾವ ಅಡ್ಮಿನ್ ಪುಟ ತೆರೆದರೂ ‘ರೋಲ್’ ಎಂಬ ಮಾತು ಕಾಣುವುದು ಇದರಿಂದಾಗಿಯೇ. ವೆಬ್‌ಸೈಟ್ ನಡೆಸಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಕಾಂಟ್ರಿಬ್ಯೂಟರ್ ಆದವರು ಬರಹ ಬರೆದಿಡಬಹುದು, ಪ್ರಕಟಿಸುವಂತಿಲ್ಲ; ಎಡಿಟರ್ ಆದವರು ಇತರರ ಬರಹವನ್ನೂ ತಿದ್ದಬಹುದು, ಸೈಟಿನ ಸೆಟ್ಟಿಂಗ್ ಮುಟ್ಟುವಂತಿಲ್ಲ.

ತೋಟಕ್ಕೂ ಹಾಗೆಯೇ ಮಾಡಿಸೋಣ ಎಂದು ಹೊರಟೆವು. ಮೇಸ್ತ್ರಿ ತೂಕ ಬರೆಯಬೇಕು, ರೈಟರು ಅದನ್ನು ನೋಡಿ ಬಟವಾಡೆ ಲೆಕ್ಕ ಕಟ್ಟಬೇಕು, ಚಿಕ್ಕಪ್ಪ ಒಪ್ಪಿಗೆ ಒತ್ತಬೇಕು. ತೂಗಿದವನೇ ದುಡ್ಡು ಕೊಡುವಂತಿರಬಾರದು ಎಂಬ ಈ ಹಳೆಯ ಲೆಕ್ಕಾಚಾರವನ್ನು 1987ರಲ್ಲಿ ಕ್ಲಾರ್ಕ್ ಮತ್ತು ವಿಲ್ಸನ್ ಎಂಬವರು ಕಂಪ್ಯೂಟರ್ ಭದ್ರತೆಯ ಶಾಸ್ತ್ರದೊಳಗೆ ತಂದರು. ಸೈನ್ಯಕ್ಕೆ ಗುಟ್ಟು ಹೊರಗೆ ಹೋಗಬಾರದು ಎಂಬ ಚಿಂತೆ. ವ್ಯಾಪಾರಕ್ಕೆ ಲೆಕ್ಕ ಕೆಡಬಾರದು ಎಂಬ ಚಿಂತೆ. ಎರಡಕ್ಕೂ ಒಂದೇ ಬೀಗ ಸಾಲದು ಎಂಬುದು ಅವರ ವಾದ.

ಕೆಲಸ ಹಿಡಿದ ಹುಡುಗ ಚುರುಕಾಗಿದ್ದ. ಒಂದೇ ವಾರದಲ್ಲಿ ಮುಗಿಸಿ ತೋರಿಸಿದ. ಮೇಸ್ತ್ರಿಯಾಗಿ ಒಳಗೆ ಹೋದರೆ ಡಿಲೀಟ್ ಬಟನ್ನೇ ಕಾಣುವುದಿಲ್ಲ. ಚಿಕ್ಕಪ್ಪನಿಗೆ ಬಹಳ ಖುಷಿ. ನಾನು ಸುಮ್ಮನಿರಲಾರದೆ ಅಡ್ಮಿನ್ ಆಗಿ ಡಿಲೀಟ್ ಒತ್ತಿದಾಗ ಬ್ರೌಸರ್ ಕಳಿಸುವ ಕೋರಿಕೆಯನ್ನು ನಕಲು ಮಾಡಿಕೊಂಡು, ಅದನ್ನೇ ಮೇಸ್ತ್ರಿಯ ಲಾಗಿನ್‌ನಿಂದ ಕಳಿಸಿದೆ. ದಾಖಲೆ ಅಳಿಸಿಹೋಯಿತು. ಬಾಗಿಲಿಗೆ ಬೀಗ ಹಾಕುವ ಬದಲು ಬಾಗಿಲ ಮುಂದೆ ಗೋಣಿತಾಟು ಇಳಿಬಿಟ್ಟಿದ್ದ. ಬ್ರೌಸರ್ ಇರುವುದು ಬಳಕೆದಾರನ ಕೈಯಲ್ಲಿ. ಅಲ್ಲಿ ಏನನ್ನು ಬಚ್ಚಿಟ್ಟರೂ ಅದು ಬರೀ ಅಚ್ಚುಕಟ್ಟಿನ ವಿಷಯ. ಸರ್ವರಿಗೆ ಬರುವುದು ಒಂದು ಕಾಗದ ಮಾತ್ರ. ಆ ಕಾಗದವನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆಯಬಹುದು. ತೀರ್ಮಾನ ಆಗಬೇಕಾದದ್ದು ಕಾಗದ ತೆರೆಯುವ ಜಾಗದಲ್ಲಿ.

ಅದನ್ನು ಸರಿಪಡಿಸಿದ ಮೇಲೆ ಇನ್ನೊಂದು ಸಿಕ್ಕಿತು. ಕೆಲಸಗಾರರು ತಮ್ಮ ಬಟವಾಡೆ ಚೀಟಿಯನ್ನು ಫೋನಿನಲ್ಲೇ ನೋಡುವ ಅನುಕೂಲವಿತ್ತು. ಪುಟದ ವಿಳಾಸದ ಕೊನೆಯಲ್ಲಿ 214 ಎಂದಿತ್ತು. ಅದನ್ನು 215 ಮಾಡಿದೆ. ಪಕ್ಕದ ಲೈನ್ ಮನೆಯವರ ಚೀಟಿ ಬಂತು, ಮುಂಗಡ ಸಾಲದ ವಿವರ ಸಮೇತ. ಲಾಗಿನ್ ಆಗಿದೆಯೇ ಎಂದು ಸರ್ವರ್ ನೋಡಿತ್ತು. ಚೀಟಿ ನೋಡುವ ರೋಲ್ ಇದೆಯೇ ಎಂದೂ ನೋಡಿತ್ತು. ಈ ಚೀಟಿ ಇವರದೇನಾ ಎಂದು ಮಾತ್ರ ಕೇಳಿರಲಿಲ್ಲ. ರೋಲ್ ಎಂಬುದು ಇಲ್ಲಿ ಸೋಲುತ್ತದೆ. ಹುದ್ದೆಯ ಜೊತೆಗೆ ವಸ್ತುವಿನ ಒಡೆತನವನ್ನೂ ನೋಡಬೇಕು. ನಮ್ಮ ತೋಟದ ಹುಡುಗನನ್ನೇ ದೂರಬೇಕಿಲ್ಲ. ವೆಬ್ ಸುರಕ್ಷತೆಯ ದೋಷಗಳಿಗೆ ಓವಾಸ್ಪ್ ಎಂಬ ಸಂಸ್ಥೆ ಆಗಾಗ ಹೊರಡಿಸುವ ಹತ್ತರ ಪಟ್ಟಿಯಲ್ಲಿ 2017ರಲ್ಲಿ ಐದನೆಯದಾಗಿದ್ದ ಅನುಮತಿ ತಪ್ಪುಗಳು 2021ರಲ್ಲಿ ಮೊದಲನೆಯ ಸ್ಥಾನಕ್ಕೇರಿದವು.

ಈ ವಿಷಯದಲ್ಲಿ ಎಲ್ಲರೂ ಈಗಲೂ ಓದುವ ಪ್ರಬಂಧವೊಂದಿದೆ. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಬರೆದದ್ದು. ಅದರ ಎಂಟು ಸೂತ್ರಗಳನ್ನು ಇಲ್ಲಿ ಸಾಲಾಗಿ ಹೇಳಿ ಬೇಸರ ತರಿಸುವುದಿಲ್ಲ. ಎರಡನ್ನು ಅರ್ಥ ಮಾಡಿಕೊಳ್ಳಲು ಹಾಸನದವರಿಗೆ ಪ್ರಬಂಧವೇ ಬೇಡ. ಹಾಸನಾಂಬೆಯ ಗುಡಿ ವರ್ಷವಿಡೀ ಮುಚ್ಚಿರುತ್ತದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆಯುತ್ತದೆ, ದೀಪಾವಳಿ ಮುಗಿಯುತ್ತಲೇ ಮತ್ತೆ ಬಾಗಿಲು ಹಾಕುತ್ತಾರೆ. ತೆರೆದಿರುವುದು ವಿಶೇಷ, ಮುಚ್ಚಿರುವುದು ನಿತ್ಯ. ಸಾಲ್ಟ್‌ಜರ್, ಶ್ರೋಡರ್ ಹೇಳಿದ್ದೂ ಇದನ್ನೇ: ಯಾರಿಗೆ ಬೇಡ ಎಂದು ಪಟ್ಟಿ ಮಾಡಬೇಡಿ, ಯಾರಿಗೆ ಉಂಟು ಎಂದು ಪಟ್ಟಿ ಮಾಡಿ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಉತ್ತರ ‘ಇಲ್ಲ’ ಎಂದೇ ಇರಲಿ. ಆಗ ಯಾರೋ ಏನೋ ಮರೆತರೂ ನಷ್ಟ ಕಡಿಮೆ. ಅನುಮತಿ ಸಿಗದವನು ಬಂದು ಕೂಗಾಡುತ್ತಾನೆ, ತಪ್ಪು ತಕ್ಷಣ ಗೊತ್ತಾಗುತ್ತದೆ. ಹೆಚ್ಚು ಅನುಮತಿ ಸಿಕ್ಕವನು ಎಂದಾದರೂ ಬಂದು ದೂರಿದ್ದುಂಟೇ? ಎರಡನೆಯದು, ಒಂದೇ ಬೀಗದ ಕೈಗಿಂತ ಎರಡು ಲೇಸು ಎಂಬುದು. ದೇವಿಯ ಒಡವೆ ಇರುವುದು ಖಜಾನೆಯಲ್ಲಿ. ಬಾಗಿಲು ತೆರೆಯುವ ಮುನ್ನ ಬಾಳೆಕಂದು ಕಡಿಯುವವರು ಒಬ್ಬರು, ಬಾಗಿಲು ತೆಗೆಯುವ ಅರ್ಚಕರು ಬೇರೆ, ನೋಡಿ ನಿಲ್ಲುವ ಅಧಿಕಾರಿಗಳು ಬೇರೆ. ಒಬ್ಬರೇ ಎಲ್ಲವನ್ನೂ ಮಾಡುವಂತಿಲ್ಲ.

‘ಇವರೆಲ್ಲ ನಮ್ಮವರೇ ಅಲ್ವೇನೋ, ಇಷ್ಟೆಲ್ಲ ಯಾಕೆ?’ ಎಂದು ಚಿಕ್ಕಪ್ಪ ಕೇಳಿದರು. ತಮ್ಮ ಲಾಗಿನ್ನನ್ನೂ ಎರಡಾಗಿ ಒಡೆಯಬೇಕು, ದಿನಬಳಕೆಗೆ ಚಿಕ್ಕದು, ಸೆಟ್ಟಿಂಗ್ ಬದಲಿಸಲು ಮಾತ್ರ ದೊಡ್ಡದು ಎಂದಾಗಲಂತೂ ಮುಖ ಸಣ್ಣದಾಯಿತು. ತೋಟದ ಒಡೆಯನಿಗೇ ತೋಟದಲ್ಲಿ ಅಧಿಕಾರವಿಲ್ಲವೇ! ಆದರೆ ಕಳ್ಳತನದ ಮಾತೇ ಇದಲ್ಲ. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ಕಂಪ್ಯೂಟರ್ ತಜ್ಞರು ಒಂದು ಪ್ರಸಂಗ ಬರೆದರು. ಒಂದು ಕಂಪೈಲರಿಗೆ, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶಕ್ಕೆ, ತನ್ನ ಲೆಕ್ಕದ ಕಡತಗಳನ್ನು ಬರೆಯಲು ವಿಶೇಷ ಅನುಮತಿ ಕೊಟ್ಟಿದ್ದರು. ಬಳಕೆದಾರನೊಬ್ಬ, ಫಲಿತಾಂಶವನ್ನು ಈ ಹೆಸರಿನ ಕಡತಕ್ಕೆ ಬರೆ ಎಂದು ಬಿಲ್ಲಿಂಗ್ ಕಡತದ ಹೆಸರನ್ನೇ ಕೊಟ್ಟ. ಅವನಿಗೆ ಆ ಕಡತ ಮುಟ್ಟುವ ಹಕ್ಕಿರಲಿಲ್ಲ, ಕಂಪೈಲರಿಗೆ ಇತ್ತು. ಬಿಲ್ಲುಗಳೆಲ್ಲ ಹೋದವು. ಹಾರ್ಡಿ ಇದಕ್ಕೆ ಇಟ್ಟ ಹೆಸರನ್ನು ‘ಗಲಿಬಿಲಿಗೊಂಡ ಗುಮಾಸ್ತ’ ಎಂದು ಕರೆಯಬಹುದು. ವೆಬ್‌ನಲ್ಲಿ ಆ ಗುಮಾಸ್ತ ನಿಮ್ಮ ಬ್ರೌಸರೇ. ಚಿಕ್ಕಪ್ಪ ದೊಡ್ಡ ಲಾಗಿನ್‌ನಲ್ಲಿ ಕೂತು, ವಾಟ್ಸಾಪಿನಲ್ಲಿ ಬಂದ ಯಾವುದೋ ಕೊಂಡಿ ಒತ್ತುತ್ತಾರೆ. ಆ ಪುಟ ಸದ್ದಿಲ್ಲದೆ ತೋಟದ ಸರ್ವರಿಗೆ ಒಂದು ಕೋರಿಕೆ ಕಳಿಸುತ್ತದೆ. ಸರಿಯಾದ ತಡೆ ಹಾಕಿರದಿದ್ದರೆ ಬ್ರೌಸರ್ ಅದಕ್ಕೆ ಚಿಕ್ಕಪ್ಪನ ಕುಕಿಯನ್ನು, ಅಂದರೆ ಲಾಗಿನ್ ಆದಾಗ ಸರ್ವರ್ ಕೊಟ್ಟ ಗುರುತಿನ ತುಣುಕನ್ನು, ಅಂಟಿಸಿಯೇ ಕಳಿಸುತ್ತದೆ. ಸರ್ವರಿಗೆ ಕಾಣುವುದು ಧಣಿಯ ಸಹಿ.

ಇದೆಲ್ಲ ಆಗಿ ಬಹಳ ದಿನಗಳ ಮೇಲೆ ಬಳಕೆದಾರರ ಪಟ್ಟಿ ಶುಚಿ ಮಾಡಲು ಕೂತೆವು. ಅದರಲ್ಲಿ ಹಳೆಯ ರೈಟರ ಹೆಸರಿತ್ತು. ಅವರು ಮೂಡಿಗೆರೆ ಕಡೆಯ ತೋಟಕ್ಕೆ ಹೋಗಿ ಒಂದೂವರೆ ವರ್ಷ. ಹೋಗುವಾಗ ಬೀಗದ ಕೈ ಎಣಿಸಿ ಮೊಳೆಗೆ ನೇತುಹಾಕಿಯೇ ಹೋಗಿದ್ದರು; ಲಾಗಿನ್ ವಾಪಸು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಪ್ಪನಿಗೆ ಅದನ್ನು ತೆಗೆಯಲು ಸಂಕೋಚ, ಬೇಜಾರು ಮಾಡಿಕೊಂಡಾರು ಎಂದು. ನಾನೇ ಫೋನು ಮಾಡಿದೆ.

‘ಅಯ್ಯೋ ತೆಗಿ ಮಾರಾಯ’ ಎಂದರು. ‘ಪಾಸ್‌ವರ್ಡ್ ನಂಗೆ ಯಾವತ್ತೋ ಮರ್ತೋಗಿದೆ. ಆದ್ರೆ ಫೋನು ತಾನಾಗೇ ಒಳಗೆ ಬಿಡುತ್ತೆ. ದಿನಾ ಬೆಳಗ್ಗೆ ನಿಮ್ಮಲ್ಲಿ ಎಷ್ಟು ಮೂಟೆ ಆಯ್ತು ಅಂತ ನೋಡ್ತೀನಿ, ಅಭ್ಯಾಸ.’

ಖಾತೆಯನ್ನು ಅಳಿಸಲಿಲ್ಲ, ಅಳಿಸಿದರೆ ಅವರು ಬರೆದ ಹಳೆಯ ಲೆಕ್ಕಗಳೆಲ್ಲ ಅನಾಥವಾಗುತ್ತವೆ, ನಿಷ್ಕ್ರಿಯ ಮಾಡಿದೆ. ಸಂಜೆ ಅವರೇ ತಿರುಗಿ ಫೋನು ಮಾಡಿದರು. ‘ಇನ್ನೂ ಬಿಡ್ತಾ ಇದೆಯಲ್ಲೋ.’ ನೋಡಿದರೆ ನಮ್ಮ ವ್ಯವಸ್ಥೆ ಲಾಗಿನ್ ಆದವರಿಗೆ ಹನ್ನೆರಡು ಗಂಟೆಯ ಒಂದು ಟೋಕನ್ ಕೊಡುತ್ತಿತ್ತು, ಮದುವೆ ಮನೆಯ ಊಟದ ಚೀಟಿಯಂತೆ. ರೋಲ್ ಆ ಟೋಕನ್ನಿನ ಮೇಲೆಯೇ ಬರೆದಿರುತ್ತದೆ. ಚೀಟಿ ಅಸಲಿಯೇ ಎಂದು ಸರ್ವರ್ ನೋಡುತ್ತದೆ, ಚೀಟಿ ಹಿಡಿದವರು ಈಗಲೂ ಪಟ್ಟಿಯಲ್ಲಿದ್ದಾರೆಯೇ ಎಂದು ಪಟ್ಟಿ ತೆರೆದು ನೋಡುವುದಿಲ್ಲ. ಅವಧಿ ಮುಗಿದಾಗ ಮಾತ್ರ ಹೊಸ ಚೀಟಿ ಕೊಡುವ ಮುನ್ನ ಪಟ್ಟಿ ನೋಡುತ್ತದೆ. ಅವರು ಬೆಳಗ್ಗೆ ತೆಗೆದುಕೊಂಡ ಚೀಟಿ ಇನ್ನೂ ನಡೆಯುತ್ತಿತ್ತು. ಮರುದಿನ ಬೆಳಗ್ಗೆ ವಾಟ್ಸಾಪಿನಲ್ಲಿ ಪರದೆಯ ಚಿತ್ರವೊಂದು ಬಂತು. ಅದರಲ್ಲಿ ಲಾಗಿನ್ ಪುಟ, ಕೆಳಗೆ ಅವರದೊಂದು ಸಾಲು: ‘ಈಗ ಸರಿಯಾಯ್ತು. ನಿನ್ನೆ ಎಷ್ಟು ಮೂಟೆ?’